ಡಾಕ್ಟರ್ ಆಗದೆ ಪಬ್ಲಿಕ್ ಹೆಲ್ತ್ ಓದಿದರೆ ಏನು ಕೆಲಸ?

ಪ್ರಶ್ನೆ: ಮಗಳಿಗೆ ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಈಗ ಪಬ್ಲಿಕ್ ಹೆಲ್ತ್‌ನಲ್ಲಿ ಪದವಿ ಓದ್ತೀನಿ ಅಂತಾಳೆ. ಇತ್ತ ಡಾಕ್ಟರೂ ಅಲ್ಲ, ಅತ್ತ ನರ್ಸೂ ಅಲ್ಲ. ಇದನ್ನು ಓದಿದವರು ಮಾಡುವುದಾದರೂ ಏನು?

ಉತ್ತರ: ಊರಿಗೆ ಊರೇ ಕಾಯಿಲೆ ಬೀಳದ ಹಾಗೆ ನೋಡಿಕೊಳ್ಳುವುದು ಇವರ ಕೆಲಸ. ಒಂದು ಉದಾಹರಣೆ ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಯವರಿಗೂ ಜೋರು ಜ್ವರ, ಮೈಕೈ ನೋವು. ಹೊರದೇಶಗಳಲ್ಲಿ ಸೊಳ್ಳೆಯಿಂದ ಹರಡುವ, ಮಂಗಗಳಿಗೂ ತಗಲುವ ಹಳದಿ ಜ್ವರ ನಮ್ಮ ದೇಶಕ್ಕೂ ಬಂದೇಬಿಟ್ಟಿತಾ ಅಂತ ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆ ತಂಡದಲ್ಲಿ ಡಾಕ್ಟರುಗಳಷ್ಟೇ ಅಲ್ಲ, ಕೀಟಗಳನ್ನು ಓದಿಕೊಂಡವರೂ ಇದ್ದರು. ಕಾಡಿನ ಉಣುಗುಗಳನ್ನು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಗಳನ್ನು, ಹಿಡಿದು ಪರೀಕ್ಷೆ ಮಾಡಿದರು. ಇದು ಹಳದಿ ಜ್ವರವಲ್ಲ, ಹೊಸ ವೈರಸ್, ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ ಅಂತ ಗೊತ್ತಾಯಿತು. ಅದೇ ನಮ್ಮ ಮಂಗನ ಕಾಯಿಲೆ.

ಇದನ್ನು ವಾಸಿ ಮಾಡಲೆಂದೇ ಇರುವ ಔಷಧಿ ಇವತ್ತಿಗೂ ಇಲ್ಲ. ಹಾಗಾಗಿ ಕಾಯಿಲೆ ಬಾರದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಚಳಿಗಾಲದಿಂದ ಬೇಸಿಗೆವರೆಗೆ ಮಾತ್ರ ಯಾಕೆ ಜಾಸ್ತಿ? ಮರಿ ಉಣುಗುಗಳು ಹೆಚ್ಚುವ ಕಾಲ ಅದು. ದರಗು, ಸೌದೆ ತರಲು ಜನ ಕಾಡಿಗೆ ಹೋಗುವುದೂ ಆಗಲೇ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಅಲ್ಲೇ ನೆಲದಲ್ಲಿ ಕಾದಿರುತ್ತವೆ. ಅದಕ್ಕೇ ಮಂಗ ಸತ್ತ ಸುದ್ದಿ ಬಂದರೆ ಸುತ್ತ 50 ಮೀಟರಿಗೆ ಕೀಟನಾಶಕದ ಪುಡಿ ಎರಚುತ್ತಾರೆ. ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಲು ಎಣ್ಣೆ ಹಂಚುತ್ತಾರೆ. ಹಂಚಿದ ಎಣ್ಣೆ ಗೋಡೆಯ ಗೂಡಿನಲ್ಲೇ ಉಳಿದರೆ? ಜಗಲಿಯಲ್ಲಿ ಕೂತು, ಬೈಯದೆ, ಯಾಕೆ ಹಚ್ಚಿಕೊಳ್ಳಲಿಲ್ಲ ಅಂತ ಕೇಳಬೇಕು. ಹಾಗೆ ಕೇಳುವುದೂ ಒಂದು ವಿದ್ಯೆ. ನಿಮ್ಮ ಮಗಳು ಕಲಿಯಲು ಹೊರಟಿರುವುದು ಇದನ್ನೇ.

ಕಾಲೇಜಿನಲ್ಲಿ ದೇಹದ ರಚನೆ, ಪೌಷ್ಟಿಕತೆ, ನೀರು ನೈರ್ಮಲ್ಯ, ಆರೋಗ್ಯ ಯೋಜನೆಗಳು, ಸಮಾಜಶಾಸ್ತ್ರ ಎಲ್ಲ ಇರುತ್ತದೆ. ಆದರೆ ಬೆನ್ನೆಲುಬು ಎಪಿಡೆಮಿಯಾಲಜಿ (ಕಾಯಿಲೆ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಅಂತ ಹುಡುಕುವ ವಿದ್ಯೆ) ಮತ್ತು ಅಂಕಿಅಂಶ. ಒಂದು ಊರಲ್ಲಿ 20 ಜನಕ್ಕೆ ಭೇದಿ, ಇನ್ನೊಂದರಲ್ಲಿ 30 ಜನಕ್ಕೆ ಅಂದುಕೊಳ್ಳಿ. ಮೊದಲು ಎಲ್ಲಿಗೆ ಓಡಬೇಕು? 30 ಅಂದಲ್ಲಿಗೆ ಅನಿಸುತ್ತದೆ, ಅಲ್ವಾ? ಆದರೆ ಮೊದಲ ಊರಿನ ಜನಸಂಖ್ಯೆ 400, ಎರಡನೆಯದು 3,000. ಅಂದರೆ ಇಲ್ಲಿ ನೂರಕ್ಕೆ 5, ಅಲ್ಲಿ ನೂರಕ್ಕೆ 1. ಮೊದಲ ಊರಿನ ಓವರ್‌ಹೆಡ್ ಟ್ಯಾಂಕನ್ನು ಇವತ್ತೇ ಹತ್ತಿ ನೋಡಬೇಕು. ಲೆಕ್ಕ ಕಂಡರೆ ಆಗದವರಿಗೆ ಈ ಕೋರ್ಸು ಕಷ್ಟ. ಇದನ್ನು ಮಗಳಿಗೆ ಮೊದಲೇ ಹೇಳಿಬಿಡಿ.

ಕೆಲಸದ ವಿಷಯ ಮುಚ್ಚಿಡದೆ ಹೇಳುತ್ತೇನೆ. ಈ ಪದವಿಯಿಂದ ಹೆಸರಿನ ಹಿಂದೆ 'ಡಾ.' ಬರುವುದಿಲ್ಲ, ಔಷಧಿ ಚೀಟಿ ಬರೆಯುವ ಹಕ್ಕೂ ಇಲ್ಲ. ಬರೀ ಪದವಿಗೆ ಸಿಗುವುದು ಹೆಚ್ಚಾಗಿ ಸರ್ವೆ, ಮಾಹಿತಿ ಸಂಗ್ರಹ, ಸಂಸ್ಥೆಗಳ ಫೀಲ್ಡ್ ಕೆಲಸ. ಮೇಲಕ್ಕೆ ಹೋಗಬೇಕಾದರೆ ಎಂಪಿಎಚ್, ಅಂದರೆ ಮಾಸ್ಟರ್ಸ್, ಬೇಕೇ ಬೇಕು ಅಂತಲೇ ಲೆಕ್ಕ ಹಾಕಿಕೊಳ್ಳಿ. ಎಷ್ಟೋ ಕಡೆ ಎಂಪಿಎಚ್‌ಗೆ ಬೇರೆ ಪದವಿಯವರನ್ನೂ ತೆಗೆದುಕೊಳ್ಳುತ್ತಾರೆ. ಹಾಗಾಗಿ ಬಿಎಸ್ಸಿಯಲ್ಲಿ ಜೀವಶಾಸ್ತ್ರವನ್ನೋ ಅಂಕಿಅಂಶವನ್ನೋ ಓದಿ ಆಮೇಲೆ ಈ ಕಡೆ ಬರುವ ದಾರಿಯೂ ಇದೆ. ಮನೆ ಹತ್ತಿರ ಒಳ್ಳೆಯ ಕಾಲೇಜು ಸಿಗದಿದ್ದರೆ ನಾನು ಅದನ್ನೇ ಹೇಳುತ್ತೇನೆ. ಸುಮ್ನೆ ದೊಡ್ಡ ಹೆಸರಿನ ಕೋರ್ಸಿಗೆ ಸಾಲ ಮಾಡಬೇಡಿ.

ಸೇರಿಸುವ ಮುಂಚೆ ಕಾಲೇಜಿನವರನ್ನು ಕೇಳಿ: ವಿಶ್ವವಿದ್ಯಾಲಯಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇದೆಯಾ? ವರ್ಷಕ್ಕೆ ಎಷ್ಟು ದಿನ ಹಳ್ಳಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕರೆದುಕೊಂಡು ಹೋಗುತ್ತೀರಿ? ಎರಡನೆಯದಕ್ಕೆ ಸರಿಯಾದ ಉತ್ತರ ಬರದಿದ್ದರೆ ಎದ್ದು ಬನ್ನಿ.

ಇನ್ನೊಂದು ಮಾತು. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಮಗಳನ್ನು ಒಂದು ದಿನ ಅವರ ಜೊತೆ ಕಳಿಸಿ. ಬಿಸಿಲಲ್ಲಿ ಮನೆ ಮನೆ ಸುತ್ತಲಿ. ಅವರು ಪುಸ್ತಕದಲ್ಲಿ ಏನು ಬರೆದುಕೊಳ್ಳುತ್ತಾರೆ, ಯಾವ ಮನೆಗೆ ಎರಡನೇ ಸಲ ಹೋಗುತ್ತಾರೆ, ಯಾಕೆ ಅಂತ ನೋಡಲಿ. ಸಂಜೆ ಮನೆಗೆ ಬಂದು ಊಟದ ಹೊತ್ತಿನವರೆಗೂ ಅದೇ ಮಾತಾಡುತ್ತಿದ್ದರೆ, ಧೈರ್ಯವಾಗಿ ಸೇರಿಸಿ.