ಫಿಟ್ಸ್ ಶುರುವಾಗಿದ್ದು ಹೇಗೆ?

ಫಿಟ್ಸ್ ಬಂದವರನ್ನು ಕರೆತಂದವರು ಸಾಮಾನ್ಯವಾಗಿ ಕೊನೆಯದನ್ನೇ ಮೊದಲು ಹೇಳುತ್ತಾರೆ: ಬಿದ್ದರು, ಕೈಕಾಲು ಒದ್ದಾಡಿತು, ಬಾಯಲ್ಲಿ ನೊರೆ ಬಂತು. ನರರೋಗ ವೈದ್ಯರಾದ ನಮಗೆ ಬೇಕಾದದ್ದು ಅದಕ್ಕೂ ಹಿಂದಿನ ಕೆಲವು ಸೆಕೆಂಡು. ಮೊದಲು ಒಂದೇ ಕೈ ಅದುರಿತೇ? ತಲೆ ಒಂದು ಪಕ್ಕಕ್ಕೆ ತಿರುಗಿತೇ? ಹಾಗಿದ್ದರೆ ಸೆಳೆತ ಮೆದುಳಿನ ಒಂದು ಕಡೆ ಹುಟ್ಟಿ ಆಮೇಲೆ ಹಬ್ಬಿರುವ ಸಾಧ್ಯತೆ ಹೆಚ್ಚು. ಇದು ಫೋಕಲ್. ಶುರುವಿನಿಂದಲೇ ಮೆದುಳಿನ ಎರಡೂ ಪಾರ್ಶ್ವ ಸೇರಿಕೊಂಡಿದ್ದರೆ ಜನರಲೈಸ್ಡ್.

ಬೀಳದೇ ಬರುವ ಫಿಟ್ಸೇ ನಮ್ಮನ್ನು ಹೆಚ್ಚು ಸತಾಯಿಸುವುದು. ಓದುತ್ತಿದ್ದ ಮಗು ವಾಕ್ಯದ ನಡುವೆ ನಿಂತುಬಿಡುತ್ತದೆ, ದೃಷ್ಟಿ ನೆಟ್ಟಿರುತ್ತದೆ, ರೆಪ್ಪೆ ಪಟಪಟ ಬಡಿಯಬಹುದು. ಹತ್ತು ಸೆಕೆಂಡು ಕಳೆದರೆ ಏನೂ ಆಗದಂತೆ ಮುಂದಕ್ಕೆ ಓದುತ್ತದೆ. ಇದು ಅಬ್ಸೆನ್ಸ್. ದಿನಕ್ಕೆ ಹತ್ತಾರು ಸಲ ಬಂದರೂ 'ಪಾಠದ ಮೇಲೆ ಗಮನವೇ ಇಲ್ಲ' ಎಂಬ ದೂರಿನಡಿ ಮುಚ್ಚಿಹೋಗಿರುತ್ತದೆ. ಎರಡು ಮೂರು ನಿಮಿಷ ಜೋರಾಗಿ ಉಸಿರಾಡಿಸಿದರೆ ಎಷ್ಟೋ ಸಲ ನಮ್ಮ ಕಣ್ಣೆದುರೇ ಬರುತ್ತದೆ.

ದೊಡ್ಡವರು ಹೀಗೆ ದಿಟ್ಟಿಸುತ್ತ ಕೂತರೆ ನನ್ನ ಅನುಮಾನ ಟೆಂಪೊರಲ್ ಲೋಬಿನ (ಕಿವಿಯ ಬಳಿಯ ಮೆದುಳಿನ ಭಾಗದ) ಕಡೆ ಹೋಗುತ್ತದೆ. ಹೊಟ್ಟೆಯಿಂದ ಏನೋ ಮೇಲೇರಿದಂತಾಗುತ್ತದೆ, ತುಟಿ ಚಪ್ಪರಿಸುತ್ತಾರೆ, ಅಂಗಿಯ ಗುಂಡಿ ತಡಕಾಡುತ್ತಾರೆ. ಒಂದೆರಡು ನಿಮಿಷ ನಡೆದು, ಆಮೇಲೂ ಸ್ವಲ್ಪ ಹೊತ್ತು ಮಂಕು.

ಹದಿಹರೆಯದವರಲ್ಲಿ ಇನ್ನೊಂದುಂಟು, ನಾವಾಗಿ ಕೇಳದಿದ್ದರೆ ಹೇಳುವುದೇ ಇಲ್ಲ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಕೈ ಥಟ್ಟನೆ ಹಾರಿ ಲೋಟವೋ ಬ್ರಷ್ಷೋ ಬೀಳುತ್ತದೆ, ನಿದ್ದೆಗೆಟ್ಟ ಮರುದಿನ ಜಾಸ್ತಿ. ಈ ಮಯೋಕ್ಲೋನಿಕ್ ಸೆಳೆತವನ್ನು ಮನೆಯವರು ಎಡವಟ್ಟುತನ ಅಂದುಕೊಂಡಿರುತ್ತಾರೆ. ವಿಧ ಗುರುತಿಸಲು ಇಷ್ಟೆಲ್ಲ ಪರದಾಡುವುದಕ್ಕೆ ಕಾರಣವಿದೆ: ಫೋಕಲ್‌ಗೆ ಚೆನ್ನಾಗಿ ಕೆಲಸ ಮಾಡುವ ಕಾರ್ಬಮಜೆಪೀನ್ ಎಂಬ ಔಷಧ ಈ ಮಯೋಕ್ಲೋನಿಕ್ ಸೆಳೆತವನ್ನೂ ಅಬ್ಸೆನ್ಸನ್ನೂ ಹೆಚ್ಚಿಸಿಬಿಡಬಹುದು.

ಇನ್ನು, ಬಿದ್ದದ್ದೆಲ್ಲ ಫಿಟ್ಸ್ ಅಲ್ಲ. ತುಂಬಾ ಹೊತ್ತು ನಿಂತು, ಬೆವರಿ, ಬಿಳಿಚಿ ಕುಸಿದವರ ಕೈಕಾಲೂ ಒಂದೆರಡು ಸಲ ಅದುರುತ್ತವೆ, ಆದರೆ ಬೇಗ ಚೇತರಿಸಿಕೊಳ್ಳುತ್ತಾರೆ. ನಾಲಗೆಯ ಪಕ್ಕ ಕಚ್ಚಿಕೊಂಡಿದ್ದು, ಎದ್ದ ಮೇಲೂ ಬಹಳ ಹೊತ್ತು ಗೊಂದಲದಲ್ಲಿದ್ದರೆ ಫಿಟ್ಸ್ ಇರಬಹುದು.

ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ) ಸರಿಯಿದೆ ಎಂದಮಾತ್ರಕ್ಕೆ ಫಿಟ್ಸ್ ಇಲ್ಲ ಎನ್ನಲಾಗದು. ಎಷ್ಟೋ ಸಲ ಅದಕ್ಕಿಂತ ಮೊಬೈಲಿನ ವಿಡಿಯೊವೇ ನನಗೆ ಹೆಚ್ಚು ಹೇಳುತ್ತದೆ. ಯಾರಿಗಾದರೂ ಫಿಟ್ಸ್ ಬಂದರೆ ಮೊದಲು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಜೊತೆಗೆ ಇನ್ನೊಬ್ಬರಿದ್ದರೆ ಮುಖ, ಎರಡೂ ಕೈ ಕಾಣುವಂತೆ ಚಿತ್ರೀಕರಿಸಲಿ; ಹೆಸರು ಹಿಡಿದು ಕರೆದು ಉತ್ತರ ಬರುತ್ತದಾ ನೋಡಲಿ. 5 ನಿಮಿಷವಾದರೂ ನಿಲ್ಲದಿದ್ದರೆ ಅದೇ ಫೋನಿನಿಂದ ಆಂಬ್ಯುಲೆನ್ಸ್ ಕರೆಯಿರಿ.