ತಿಂಗಳು ತುಂಬದೆ ಹುಟ್ಟಿದ ಮಗು ಮನೆಗೆ ಬಂದ ಮೇಲೆ: ಮೊದಲ ವಾರಗಳ ಟಿಪ್ಪಣಿ

ಪರೀಕ್ಷೆಗೆ ಓದುವಾಗ ನಾವು ವಿದ್ಯಾರ್ಥಿಗಳು ಈ ಪಾಠವನ್ನು ವಾರ್ಮರ್ (ಮಗುವಿಗೆ ಬಿಸಿ ಕೊಡುವ ಯಂತ್ರ), ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ), ಟ್ಯೂಬ್ ಫೀಡಿಂಗ್ (ನಳಿಕೆಯಲ್ಲಿ ಹಾಲು ಕೊಡುವುದು) ಅಂತ ವಾರ್ಡಿನ ಒಳಗೇ ಓದಿ ಮುಗಿಸಿಬಿಡುತ್ತೇವೆ. ಮಗು ಡಿಸ್ಚಾರ್ಜ್ ಆದರೆ ನಮ್ಮ ಪಾಠವೂ ಮುಗಿಯಿತು. ಸಮುದಾಯ ಪೋಸ್ಟಿಂಗ್‌ನಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನ ಜೊತೆ ಕೊಪ್ಪಳ ಕಡೆಯ ಹಳ್ಳಿಗಳಲ್ಲಿ ಮನೆ ಮನೆ ತಿರುಗಿದಾಗ ನನಗೆ ಗೊತ್ತಾಯಿತು, ತಾಯಿಗೆ ಪಾಠ ಶುರುವಾಗುವುದೇ ಆ ದಿನದಿಂದ. ವಾರ್ಡಿನಲ್ಲಿ ಮಗುವನ್ನು ಯಂತ್ರ ಕಾಯುತ್ತಿತ್ತು, ಏನಾದರೂ ಆದರೆ ಕೂಗಿಕೊಳ್ಳುತ್ತಿತ್ತು. ಮನೆಯಲ್ಲಿ ಇರುವುದು ತಾಯಿಯ ಕೈ, ಕಣ್ಣು, ಎದೆ. ಆ ಕೈಗೆ ಏನು ಕಲಿಸಬೇಕು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ.

ವ್ಯಾಖ್ಯೆ ಬೇಗ ಮುಗಿಸೋಣ. 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಪೂರ್ವ ಶಿಶು. 28 ವಾರಕ್ಕಿಂತ ಮೊದಲು ಹುಟ್ಟಿದವು ತೀರಾ ಎಳೆಯವು. 28ರಿಂದ 32 ಇನ್ನೊಂದು ಗುಂಪು, 32ರಿಂದ 37 ಮತ್ತೊಂದು. ಮನೆಗೆ ಬೇಗ ಬರುವುದು ಹೆಚ್ಚಾಗಿ ಈ ಕೊನೆಯ ಗುಂಪೇ. ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ. ತಿಂಗಳು ತುಂಬಿಯೂ ತೂಕ ಕಡಿಮೆ ಇರಬಹುದು. 2020ರಲ್ಲಿ ನಮ್ಮ ದೇಶದಲ್ಲಿ ಸುಮಾರು 30 ಲಕ್ಷ ಮಕ್ಕಳು ಹೀಗೆ ಅವಧಿಗೆ ಮೊದಲೇ ಹುಟ್ಟಿದ್ದವು, ಜಗತ್ತಿನಲ್ಲೇ ಅತಿ ಜಾಸ್ತಿ.

ಮೊದಲು ಬಿಸಿ

ನಾವು ಹೋದ ಒಂದು ಮನೆ. ಮಗು 32 ವಾರಕ್ಕೆ ಹುಟ್ಟಿತ್ತು, ಆಸ್ಪತ್ರೆಯಿಂದ ಬಂದು ನಾಲ್ಕು ದಿನ. ಮೂರು ಹೊದಿಕೆ ಸುತ್ತಿ ಮಲಗಿಸಿದ್ದರು. ಹೊರಸಿನ ಕೆಳಗೆ ಒಂದು ಬುಟ್ಟಿಯಲ್ಲಿ ಕೆಂಡ. ಆಶಾ ಅಕ್ಕ ಕೈ ತೊಳೆದು ಒರೆಸಿಕೊಂಡು, ಅಂಗೈಯ ಹಿಂಬದಿಯನ್ನು ಮಗುವಿನ ಹೊಟ್ಟೆಗೆ ಮುಟ್ಟಿಸಿದರು, ಆಮೇಲೆ ಪಾದಕ್ಕೆ. ನನ್ನ ಕೈಯನ್ನೂ ಹಿಡಿದು ಮುಟ್ಟಿಸಿದರು. ಹೊಟ್ಟೆ ಬೆಚ್ಚಗಿತ್ತು, ಪಾದ ತಣ್ಣಗಿತ್ತು. ಹೊದಿಕೆ ಬಿಚ್ಚಿದರೆ ಒಳಗೆ ಲಂಗೋಟಿ ಒದ್ದೆ.

ಮೂರು ಹೊದಿಕೆ ಇದ್ದೂ ಪಾದ ಯಾಕೆ ತಣ್ಣಗೆ? ಹೊದಿಕೆ ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ. ಈ ಮಗುವಿಗೆ ಬಿಸಿ ಹುಟ್ಟಿಸುವ ಶಕ್ತಿಯೇ ಕಡಿಮೆ. ಚರ್ಮದ ಕೆಳಗೆ ಕೊಬ್ಬಿಲ್ಲ. ಶಾಖ ಹುಟ್ಟಿಸುವ ಕಂದು ಕೊಬ್ಬು ಗರ್ಭದ ಕೊನೆಯ ವಾರಗಳಲ್ಲೇ ಹೆಚ್ಚಾಗಿ ಕೂಡಿಕೊಳ್ಳುವುದು. ಈ ಮಗುವಿಗೆ ಆ ವಾರಗಳೇ ಸಿಗಲಿಲ್ಲ. ಮೈಯ ಗಾತ್ರಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಆದ್ದರಿಂದ ಬಿಸಿ ಬೇಗ ಹೋಗುತ್ತದೆ. ಬೋಳು ತಲೆಯಿಂದ ಇನ್ನೂ ಬೇಗ.

ತಣ್ಣಗಾದ ಮಗು ಹಾಲಿನ ಕ್ಯಾಲೊರಿಯನ್ನೆಲ್ಲ ಬಿಸಿಗೇ ಸುಡುತ್ತದೆ. ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಸುಸ್ತಾಗಿ ಮಲಗುತ್ತದೆ, ಚೀಪುವುದಿಲ್ಲ. ಹಾಲು ಇಳಿಯದಿದ್ದರೆ ಇನ್ನೂ ತಣ್ಣಗಾಗುತ್ತದೆ. ನಾವು ಶಾಖ, ಹಾಲು, ತೂಕ ಅಂತ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇವೆ. ಮಗುವಿನ ಮೈಯಲ್ಲಿ ಇವೆಲ್ಲ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ನನಗೆ ಈ ಪಾಠ ಅರ್ಥವಾಗಿದ್ದೇ ಆ ತಣ್ಣನೆ ಪಾದ ಮುಟ್ಟಿದಾಗ.

ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೊಟ್ಟೆ, ಪಾದ ಎರಡೂ ಬೆಚ್ಚಗಿದ್ದರೆ ಸರಿ. ಪಾದ ಮಾತ್ರ ತಣ್ಣಗಿದ್ದರೆ ಅದು ಎಚ್ಚರಿಕೆ, ತಕ್ಷಣ ಎದೆಗೆ ಹಾಕಿಕೊಳ್ಳಬೇಕು. ಹೊಟ್ಟೆಯೂ ತಣ್ಣಗಿದ್ದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಬೇಕು.

ಆ ಮನೆಯ ಅಜ್ಜಿ ಕೆಂಡ ತೆಗೆಯಲು ಒಪ್ಪಲಿಲ್ಲ. "ಥಂಡಿ ಐತಿ ಯವ್ವಾ, ಹಸಿ ಕೂಸು. ಕೆಂಡ ಇಡದಿದ್ರ ಹೆಂಗ?" ಅಂದರು. ಆಶಾ ಅಕ್ಕ ಜಗಳ ಮಾಡಲಿಲ್ಲ. "ಯಮ್ಮಾ, ನಿನ ಮಗಳ ಎದೀನ ಕೆಂಡ. ಹೊಗಿ ಇಲ್ಲ, ಬೂದಿ ಇಲ್ಲ," ಅಂದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಹೊಗೆ ಎಳೆಯ ಶ್ವಾಸಕೋಶಕ್ಕೆ ಬೇರೆ ಪೆಟ್ಟು. ಇದನ್ನೆಲ್ಲ ಆಮೇಲೆ ನಿಧಾನಕ್ಕೆ ಹೇಳಿದರು. ಮೊದಲು ಮಗುವನ್ನು ಎದೆಗೆ ಹಾಕಿಸಿದರು. ಗಂಟೆ ಕಳೆದ ಮೇಲೆ ಅಜ್ಜಿಯ ಕೈಯಿಂದಲೇ ಪಾದ ಮುಟ್ಟಿಸಿದರು. ಬೆಚ್ಚಗಾಗಿತ್ತು. ಬುಟ್ಟಿ ತಾನಾಗಿಯೇ ಹೊರಗೆ ಹೋಯಿತು.

ಹೀಗೆ ಮಗುವನ್ನು ಎದೆಗೆ ಹಾಕಿಕೊಂಡು ಬೆಚ್ಚಗಿಡುವುದೇ ಕಾಂಗರೂ ಆರೈಕೆ. ಅದನ್ನು ಮಾಡಿಸುವ ಕ್ರಮ ಹೀಗೆ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ. ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ, ಚರ್ಮಕ್ಕೆ ಚರ್ಮ ತಾಗುವಂತೆ. ಕೈಕಾಲು ಕಪ್ಪೆಯಂತೆ ಮಡಚಿ ಅಗಲಿಸಿರಬೇಕು. ತಲೆ ಒಂದು ಪಕ್ಕಕ್ಕೆ ತಿರುಗಿ, ಗಲ್ಲ ತುಸು ಮೇಲೆ, ಯಾಕೆಂದರೆ ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಮೇಲಿನಿಂದ ಮೆತ್ತನೆಯ ಹಳೆ ಹತ್ತಿ ಸೀರೆ ಕಟ್ಟಿದರೆ ಸಾಕು. ತಾಯಿ ದಿಂಬಿಗೆ ಒರಗಿ ಕೂರಬಹುದು, ಓಡಾಡಲೂಬಹುದು. ಒಂದು ಸಲ ಹಾಕಿಕೊಂಡರೆ ಕನಿಷ್ಠ ಒಂದು ಗಂಟೆ. ಸುಮ್ನೆ ಹತ್ತು ನಿಮಿಷಕ್ಕೊಮ್ಮೆ ಎತ್ತಿ ಇಳಿಸಿದರೆ ಮಗುವಿಗೆ ತೊಂದರೆಯೇ ಜಾಸ್ತಿ. ದಿನಕ್ಕೆ 8ರಿಂದ 24 ಗಂಟೆ, ಎಷ್ಟು ಸಾಧ್ಯವೋ ಅಷ್ಟು. ತಾಯಿ ಸ್ನಾನಕ್ಕೆ, ಊಟಕ್ಕೆ ಹೋದಾಗ ಅಪ್ಪ, ಅಜ್ಜಿ ಯಾರಾದರೂ ಹಾಕಿಕೊಳ್ಳಬಹುದು. ಮಗು ಬೆಳೆದು ಸುಮಾರು 2,500 ಗ್ರಾಂ ಆದಾಗ ತಾನೇ ಒದ್ದಾಡಿ ಹೊರಬರಲು ನೋಡುತ್ತದೆ. ಆಗ ನಿಲ್ಲಿಸಿದರಾಯಿತು.

ಇದರ ಹುಟ್ಟು 1978ರಲ್ಲಿ, ಕೊಲಂಬಿಯಾದ ಬೊಗೊಟಾದಲ್ಲಿ. ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಯಂಥ ಯಂತ್ರ, ಇನ್‌ಕ್ಯುಬೇಟರ್, ಸಾಲದಿದ್ದಾಗ ಡಾ. ಎಡ್ಗರ್ ರೇ ಸನಾಬ್ರಿಯಾ ತಾಯಂದಿರ ಎದೆಗೇ ಮಕ್ಕಳನ್ನು ಕೊಟ್ಟರು. ಬಡವರ ಬದಲಿ ವ್ಯವಸ್ಥೆ ಅಂತ ಇದನ್ನು ಕಡೆಗಣಿಸಬೇಡಿ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ ಮೊದಲ 28 ದಿನಗಳ ಸಾವು ಶೇ. 25ರಷ್ಟು ಕಡಿಮೆಯಾಯಿತು. ಮಗುವಿನ ಸ್ಥಿತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದ ತಕ್ಷಣವೇ ಶುರು ಮಾಡಿ ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಇಡೀ ಜಿಲ್ಲೆಗೆ ಇದನ್ನು ಹೇಗೆ ಮುಟ್ಟಿಸುವುದು ಅಂತ ನೋಡಿದ ಸಂಶೋಧನೆಗೆ ಭಾರತದಲ್ಲಿ ಆಯ್ದುಕೊಂಡ ಜಾಗಗಳಲ್ಲಿ ನಮ್ಮ ಕೊಪ್ಪಳವೂ ಒಂದು.

ಹಾಲು: ಅಳುವವರೆಗೆ ಕಾಯಬೇಡಿ

ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸುಮಾರು 34 ವಾರಕ್ಕೆ ಬರುತ್ತದೆ. ಮನೆಗೆ ಬಂದ ಮಗು ಚೀಪಿದರೂ ಬೇಗ ದಣಿಯುತ್ತದೆ. ಐದು ನಿಮಿಷ ಚೀಪಿ ನಿದ್ದೆ ಹೋಗುತ್ತದೆ. "ಪಾಪ, ಎಷ್ಟು ಸಾಧು, ಅಳೋದೇ ಇಲ್ಲ" ಅಂತ ಮನೆಯವರು ಸಂತೋಷಪಡುತ್ತಾರೆ. ನಮಗೆ ಅದೇ ಚಿಂತೆಯ ಮಾತಾಗಬೇಕು. ಎರಡು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ ಕುಡಿಸಬೇಕು.

ಚೀಪಿದ್ದು ಸಾಲದಿದ್ದರೆ ತಾಯಿಯ ಹಾಲನ್ನೇ ಕೈಯಿಂದ ಹಿಂಡಿ ಒಳಲೆಯಲ್ಲಿ ಕುಡಿಸುವುದು. ಬಾಟಲಿ ಬೇಡ. ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಹನಿ ಹನಿಯಾಗಿ, ಮಗು ನುಂಗಿದ ಮೇಲೆ ಮುಂದಿನ ಹನಿ. ಬಾಯಿಗೆ ಸುರಿಯಬಾರದು. ಹಿಂಡಿದ ಹಾಲು ಮನೆಯ ತಂಪು ಜಾಗದಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಇಡಬಹುದು. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು.

ಎಷ್ಟು ಹಾಲು? ಈ ಹೊತ್ತಿಗೆ ಸಾಮಾನ್ಯವಾಗಿ ಕೆಜಿಗೆ ದಿನಕ್ಕೆ 150ರಿಂದ 180 ಮಿಲಿ. 1,800 ಗ್ರಾಂ ಮಗುವಿಗೆ 270ರಿಂದ 324 ಮಿಲಿ. ಹನ್ನೆರಡು ಸಲ ಕುಡಿಸಿದರೆ ಸಲಕ್ಕೆ ಸುಮಾರು 22ರಿಂದ 27 ಮಿಲಿ. ಈ ಲೆಕ್ಕ ಬಾಯಲ್ಲಿ ಬರುವಂತೆ ಮಾಡಿಕೊಳ್ಳಿ, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುತ್ತಾರೆ ಅಂತಲ್ಲ, ಮನೆಯಲ್ಲಿ ತಾಯಿ ಕೇಳುತ್ತಾಳೆ. ತೂಕ ದಿನಕ್ಕೆ ಕೆಜಿಗೆ 15 ಗ್ರಾಂನಷ್ಟು ಏರಬೇಕು, ಅಂದರೆ ಈ ಮಗುವಿಗೆ 25–30 ಗ್ರಾಂ. ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿಲ್ಲ ಅಂತ ಅನುಮಾನಪಡಿ.

"ಮಗು ಚೆನ್ನಾಗಿ ಹಾಲು ಕುಡಿಯುತ್ತಾ ಅಕ್ಕಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. "ನಿನ್ನೆ ರಾತ್ರಿ ಮಲಗಿದ ಮೇಲೆ ಎಷ್ಟು ಸಲ ಎದ್ದು ಕುಡಿಸಿದಿರಿ?" ಅಂತ ಕೇಳಿ.

ಡ್ರಾಪ್ಸ್ ವಿಷಯದಲ್ಲಿ ಒಂದು ಎಚ್ಚರಿಕೆ. ವಿಟಮಿನ್ ಡಿ ಸಾಮಾನ್ಯವಾಗಿ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ) ಬರೆದಿರುತ್ತಾರೆ. ಅಂಗಡಿಯಲ್ಲಿ ಒಂದು ಮಿಲಿಗೆ 400 ಇರುವ ಬಾಟಲಿಯೂ ಇದೆ, 800 ಇರುವುದೂ ಇದೆ. ಮೊದಲಿನದರಲ್ಲಿ ಒಂದು ಮಿಲಿ, ಎರಡನೆಯದರಲ್ಲಿ ಅರ್ಧ ಮಿಲಿ. ಬಾಟಲಿ ತರಿಸಿ, ಲೇಬಲ್ ಓದಿ, ಡ್ರಾಪರ್ ಮೇಲೆ ಎಲ್ಲಿಯವರೆಗೆ ಅಂತ ಪೆನ್ನಿನಿಂದ ಗೆರೆ ಎಳೆದು ಕೊಡಿ. ಕಬ್ಬಿಣದ ಡ್ರಾಪ್ಸ್ ಯಾವಾಗಿನಿಂದ, ಎಷ್ಟು ಅನ್ನುವುದು ವೈದ್ಯರ ಚೀಟಿಯಂತೆ.

ಉಸಿರು

ಈ ಮಕ್ಕಳು ಬೇಗ ಬೇಗ ಉಸಿರಾಡಿ, ಐದು ಹತ್ತು ಸೆಕೆಂಡು ನಿಲ್ಲಿಸಿ, ಮತ್ತೆ ಶುರು ಮಾಡುತ್ತವೆ. ಬಣ್ಣ ಬದಲಾಗದಿದ್ದರೆ ಇದು ಸಹಜ. ಆದ್ದರಿಂದಲೇ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಇಲ್ಲಿ ಬೇಡ, ಪೂರ್ತಿ ಒಂದು ನಿಮಿಷ ಎಣಿಸಿ. 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ, ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, 20 ಸೆಕೆಂಡು ಉಸಿರು ನಿಂತರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಮುಟ್ಟಿ ಎಬ್ಬಿಸಿದರೂ ಸರಿಯಾಗಿ ಕೈಕಾಲು ಆಡಿಸದಿದ್ದರೆ, ಜ್ವರ 37.5 ದಾಟಿದರೆ ಅಥವಾ ಮೈ 35.5ಕ್ಕಿಂತ ಕೆಳಗಿಳಿದರೆ 108ಕ್ಕೆ ಕರೆ ಮಾಡಬೇಕು. ಬೆಳಗಾಗಲಿ ಅಂತ ಕಾಯಬಾರದು. ಗಾಡಿಯಲ್ಲೂ ಮಗು ಎದೆಯ ಮೇಲೆಯೇ ಇರಬೇಕು.

ಬಾಣಂತನದ ಮನೆಯಲ್ಲಿ

ಬಜೆ ತೇದು ನೆಕ್ಕಿಸುವುದು, ಜೇನುತುಪ್ಪ, ಸಕ್ಕರೆ ನೀರು ಯಾವುದೂ ಬೇಡ. ಜೇನು ವರ್ಷ ತುಂಬುವವರೆಗೂ ಬೇಡ, ಅದರಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಡಿಗೆ, ಸಾಂಬ್ರಾಣಿ ಹೊಗೆ, ತಲೆ ದುಂಡಗಾಗಲಿ ಅಂತ ಇಡುವ ರಾಗಿ ದಿಂಬು ಇವೂ ಬೇಡ. ಮಲಗಿಸುವಾಗ ಅಂಗಾತ, ದಿಂಬಿಲ್ಲದೆ. ನೀರು ಎರೆಯುವುದನ್ನು ತೂಕ ಬರುವವರೆಗೆ ಮುಂದೂಡಿ, ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೈಗೆ ಕೊಬ್ಬರಿ ಎಣ್ಣೆಯನ್ನು ಮೆಲ್ಲಗೆ ಸವರಬಹುದು, ತಿಕ್ಕಬಾರದು.

ಇಷ್ಟೊಂದು ಬೇಡಗಳನ್ನು ಒಂದೇ ಉಸಿರಿಗೆ ಹೇಳಿದರೆ ಅಜ್ಜಿಗೆ ನೋವಾಗುತ್ತದೆ. ಅವರು ಎಷ್ಟೋ ಮಕ್ಕಳನ್ನು ಸಾಕಿದವರು ಅಲ್ವಾ? ಅವರಿಗೆ ಒಂದು ಅಧಿಕಾರ ಕೊಡಿ: "ಅಜ್ಜಿ, ಕೈ ತೊಳೆಯದೆ ಯಾರೂ ಕೂಸು ಮುಟ್ಟದಂತೆ ನೀವೇ ನೋಡ್ಕೋಬೇಕು." ತೊಟ್ಟಿಲು ಶಾಸ್ತ್ರಕ್ಕೆ ಜನ ಸೇರಿಸುವುದನ್ನು ಮುಂದೂಡಿಸುವ ಶಕ್ತಿ ಇರುವುದೂ ಅವರಿಗೇ. ತಾಯಿಯ ಪಥ್ಯವನ್ನೂ ಸಡಿಲಿಸಲು ಅವರಿಗೇ ಹೇಳಿ. ಬರೀ ಅನ್ನ ಸಾರು ತಿಂದು, ನೀರು ಕಡಿಮೆ ಕುಡಿದು, ಎರಡು ಗಂಟೆಗೊಮ್ಮೆ ಏಳುವ ತಾಯಿ ಬೇಗ ಕುಸಿಯುತ್ತಾಳೆ. ಸುಮ್ಮನೆ ಅಳುತ್ತಿದ್ದರೆ, ಮಗುವಿನ ಕಡೆ ನೋಡಲು ಮನಸ್ಸಿಲ್ಲದಿದ್ದರೆ ಅವಳಿಗೂ ಚಿಕಿತ್ಸೆ ಬೇಕು.

ದಿನಾಂಕಗಳು

ಆಸ್ಪತ್ರೆ ಹೆರಿಗೆಯಾದರೆ ಆಶಾ ಭೇಟಿ 3, 7, 14, 21, 28, 42ನೇ ದಿನ. ಇದೆಲ್ಲರಿಗೂ ಬಾಯಿಪಾಠ. ಮರೆತುಹೋಗುವುದು ಕಣ್ಣಿನ ಪರೀಕ್ಷೆ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ಇದ್ದ ಮಗುವಿಗೆ ಹುಟ್ಟಿ 30 ದಿನದೊಳಗೆ ರೆಟಿನಾ, ಅಂದರೆ ಕಣ್ಣಿನ ಒಳಪರದೆ, ನೋಡಿಸಲೇಬೇಕು. 28 ವಾರಕ್ಕಿಂತ ಮೊದಲಿನವು, 1,200 ಗ್ರಾಂಗಿಂತ ಕಡಿಮೆಯವು ಆದರೆ ಎರಡು ಮೂರು ವಾರಕ್ಕೇ. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಕ್ತನಾಳ ತಪ್ಪಾಗಿ ಬೆಳೆದು ದೃಷ್ಟಿಯೇ ಹೋಗಬಹುದು. ಸಮಯಕ್ಕೆ ಲೇಸರ್ ಮಾಡಿದರೆ ಉಳಿಯುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ನವಜಾತ ಶಿಶು ಘಟಕಗಳಿಗೇ ಹೋಗಿ ಕಣ್ಣಿನ ಚಿತ್ರ ತೆಗೆಯುತ್ತಾರೆ. ಮೂವತ್ತನೇ ದಿನ ಯಾವ ವಾರ, ಯಾವ ತಾರೀಕು ಅಂತ ಲೆಕ್ಕ ಹಾಕಿ ತಾಯಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಕಿವಿ ಪರೀಕ್ಷೆ ಆಗಿದೆಯಾ ಅಂತಲೂ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ.

ಲಸಿಕೆಗೆ ಹುಟ್ಟಿದ ದಿನದ ಲೆಕ್ಕವೇ: 6, 10, 14 ವಾರ. ಮಗು ಸಣ್ಣದು ಅಂತ ಮುಂದೂಡಬೇಡಿ. ಬೆಳವಣಿಗೆಗೆ ಮಾತ್ರ ಬೇರೆ ಲೆಕ್ಕ. 32 ವಾರಕ್ಕೆ ಹುಟ್ಟಿದ ಮಗು ಎಂಟು ವಾರ ಮೊದಲೇ ಬಂದಿದೆ. ಈಗ ನಾಲ್ಕು ತಿಂಗಳಾಗಿದ್ದರೆ, ನಗುವುದು, ಕತ್ತು ನಿಲ್ಲುವುದು ಇವನ್ನು ಎರಡು ತಿಂಗಳ ಮಗುವಿನ ಜೊತೆ ಹೋಲಿಸಬೇಕು. ಎರಡು ವರ್ಷ ತುಂಬುವವರೆಗೆ ಹೀಗೆಯೇ ನೋಡುವುದು. ಪಕ್ಕದ ಮನೆಯವರು "ನಮ್ಮ ಕೂಸು ಆಗಲೇ ಕತ್ತು ನಿಲ್ಲಿಸ್ತಿತ್ತು" ಅಂದಾಗ ತಾಯಿಗೆ ಹೇಳಲು ಈ ಒಂದು ಲೆಕ್ಕ ಗೊತ್ತಿರಬೇಕು.