ಮಿನಾರು ನೆಟ್ಟಗೆ ನಿಲ್ಲಬೇಕಾದರೆ

ಬೀದರಿನ ಮಹಮೂದ್ ಗವಾನ್ ಮದರಸಾದ ಎದುರು ನಿಂತು ಮೊಬೈಲ್ ಮೇಲಕ್ಕೆತ್ತಿ ಫೋಟೊ ತೆಗೆದರೆ ಮಿನಾರು ಹಿಂದಕ್ಕೆ ವಾಲಿದಂತೆ ಬರುತ್ತದೆ. 1472ರಿಂದ ನಿಂತಿರುವ, ಸುಮಾರು 40 ಮೀಟರ್ ಎತ್ತರದ ಆ ಮಿನಾರು ವಾಲಿಲ್ಲ. ವಾಲಿದ್ದು ಮೊಬೈಲು. ತುದಿಯನ್ನು ಹಿಡಿಯಲು ಫೋನನ್ನು ಮೇಲಕ್ಕೆ ಓರೆ ಮಾಡಿದಾಗ ಒಳಗಿನ ಸೆನ್ಸರ್ ಕೂಡ ಓರೆಯಾಗುತ್ತದೆ. ಗೋಡೆಗೆ ಸಮಾನಾಂತರವಾಗಿರಬೇಕಾದ ಸಮತಲ ಹಾಗಿಲ್ಲದೆ ಹೋದಾಗ ನೆಟ್ಟನೆಯ ಗೆರೆಗಳೆಲ್ಲ ಮೇಲೆ ಹೋಗುತ್ತಾ ಒಂದನ್ನೊಂದು ಸಮೀಪಿಸುತ್ತವೆ.

ಇದಕ್ಕೆ ಪರಿಹಾರ ನೂರೈವತ್ತು ವರ್ಷಕ್ಕೂ ಹಿಂದಿನದು. ಅಂಗೈಯಗಲದ ಫಿಲ್ಮು ಹಾಳೆಯ ಮೇಲೆ ಚಿತ್ರ ತೆಗೆಯುವ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ಲೆನ್ಸು ಮುಂದಿನ ಚೌಕಟ್ಟಿನಲ್ಲಿರುತ್ತದೆ, ಫಿಲ್ಮು ಹಿಂದಿನದರಲ್ಲಿ. ಇವೆರಡರ ನಡುವೆ ಮಡಿಕೆ ಮಡಿಕೆಯಾದ ಕಪ್ಪು ಬೆಲ್ಲೋಸ್ ಬಿಟ್ಟರೆ ಗಟ್ಟಿಯಾದದ್ದು ಏನೂ ಇಲ್ಲ. ಹಾಗಾಗಿ ಫಿಲ್ಮನ್ನು ಕದಲಿಸದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಹುದು, ಬೇಕಾದರೆ ಬಗ್ಗಿಸಲೂಬಹುದು. ಈ ಕ್ಯಾಮೆರಾದ ಶಕ್ತಿಯೆಲ್ಲ ಆ ಮೆತ್ತನೆಯ ನಡುಭಾಗದಲ್ಲಿದೆ. ಕಲಬುರಗಿ, ಬೀದರ್, ಯಾದಗಿರಿಯ ಬಿಸಿಲು ಮತ್ತು ದೂಳು ಮೊದಲು ಕೆಡಿಸುವುದೂ ಅದನ್ನೇ.

ಮಿನಾರಿನ ಲೆಕ್ಕವನ್ನೇ ಹಾಕಿ ನೋಡೋಣ. 4×5 ಇಂಚಿನ ಫಿಲ್ಮು, 150 ಮಿ.ಮೀ. ಲೆನ್ಸು, ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಮಿನಾರಿನಿಂದ 60 ಮೀಟರ್ ದೂರದಲ್ಲಿ. ಬಿಂಬ ನಾನೂರರಲ್ಲಿ ಒಂದು ಪಾಲಿನ ಅಳತೆಯಲ್ಲಿ ಬೀಳುತ್ತದೆ. ಕ್ಯಾಮೆರಾದ ಮಟ್ಟದಿಂದ ಮೇಲಿರುವ 38.5 ಮೀಟರ್, ಫಿಲ್ಮಿನ ಜಾಗದಲ್ಲಿ ಬಿಂಬ ನೋಡಲು ಇರುವ ಮಸುಕು ಗಾಜಿನ, ಅಂದರೆ ಗ್ರೌಂಡ್ ಗ್ಲಾಸಿನ ಮೇಲೆ 96 ಮಿ.ಮೀ. ಆಗುತ್ತದೆ. ಫಿಲ್ಮನ್ನು ಉದ್ದುದ್ದ ನಿಲ್ಲಿಸಿದರೂ ನಡುವಿನಿಂದ ಅಂಚಿಗೆ ಇರುವುದು 60 ಮಿ.ಮೀ. ಮಾತ್ರ. ಗ್ಲಾಸಿನ ಮೇಲೆ ಬಿಂಬ ತಲೆಕೆಳಗಾಗಿರುವುದರಿಂದ ಮಿನಾರಿನ ತುದಿ ಕೆಳ ಅಂಚಿನಿಂದ ಹೊರಗೆ ಬಿದ್ದಿರುತ್ತದೆ. ಲೆನ್ಸನ್ನು 40 ಮಿ.ಮೀ. ಮೇಲಕ್ಕೆ ಏರಿಸಿದರೆ ತುದಿಯೂ ಅದರ ಮೇಲೆ ತುಸು ಆಕಾಶವೂ ಒಳಗೆ ಬರುತ್ತವೆ. ಫಿಲ್ಮು ನೆಟ್ಟಗೇ ಇರುವುದರಿಂದ ಮಿನಾರೂ ನೆಟ್ಟಗಿರುತ್ತದೆ.

ಆದರೆ ಲೆನ್ಸು ಬೆಳಕು ಚೆಲ್ಲುವ ವೃತ್ತಕ್ಕೆ ಮಿತಿ ಇದೆ. ಸಾಮಾನ್ಯ 150 ಮಿ.ಮೀ. ಲೆನ್ಸಿಗೆ ಅದು f/22ರಲ್ಲಿ ಸುಮಾರು 210 ಮಿ.ಮೀ. ವ್ಯಾಸ (f ಸಂಖ್ಯೆ ಲೆನ್ಸಿನ ಬೆಳಕಿನ ರಂಧ್ರದ, ಅಂದರೆ ಅಪರ್ಚರಿನ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಸಣ್ಣದು). 40 ಮಿ.ಮೀ. ಏರಿಸಿದಾಗ ಬೇಕಾಗುವುದು 221 ಮಿ.ಮೀ. ಚಿತ್ರದಲ್ಲಿ ಆಕಾಶದ ಎರಡು ಮೂಲೆಗಳು ಕಪ್ಪಾಗುತ್ತವೆ. ಜಾಗ ಸಿಕ್ಕರೆ 70 ಮೀಟರಿಗೆ ಹಿಂದೆ ಸರಿಯಬೇಕು. ಅಲ್ಲಿಂದ 27 ಮಿ.ಮೀ. ಏರಿಸಿದರೆ ಸಾಕು, 198 ಮಿ.ಮೀ. ವೃತ್ತದಲ್ಲಿ ಕೆಲಸ ಮುಗಿಯುತ್ತದೆ. ಲೆಕ್ಕ ಹಾಕುವ ಪುರುಸೊತ್ತಿಲ್ಲದಿದ್ದರೆ ಗ್ರೌಂಡ್ ಗ್ಲಾಸಿನ ಕತ್ತರಿಸಿದ ಮೂಲೆಯಲ್ಲಿ ಕಣ್ಣಿಟ್ಟು ಲೆನ್ಸಿನ ಅಪರ್ಚರನ್ನು ನೋಡಿ. ರಂಧ್ರ ಪೂರ್ತಿ ಕಂಡರೆ ಸರಿ. ಎರಡೂ ಕಡೆ ಕತ್ತರಿಸಿ ಕಣ್ಣಿನಾಕಾರಕ್ಕೆ ಬಂದಿದ್ದರೆ ಲೆನ್ಸನ್ನು ಇಳಿಸಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ತ್ವ ಸರ್ವೇಕ್ಷಣೆಯ ಅನುಮತಿ ಬೇಕು. ಅದನ್ನು ಮೊದಲೇ ಪಡೆದಿರಬೇಕು.

ಕಲಬುರಗಿ ಕೋಟೆಯ ಜಾಮಿ ಮಸೀದಿ ಬೇರೆ ಬಗೆಯ ಪರೀಕ್ಷೆ. 1367ರ ಈ ಮಸೀದಿಗೆ ತೆರೆದ ಅಂಗಳವಿಲ್ಲ. ಪೂರಾ ಚಾವಣಿಯ ಕೆಳಗೆ ಅಗಲ ಕಮಾನುಗಳು ಸಾಲುಗಟ್ಟಿ ದೂರಕ್ಕೆ ಹೋಗುತ್ತವೆ. ಕಾಲ ಬುಡದ ಹಾಸುಗಲ್ಲಿನಿಂದ ಹಿಡಿದು ಕೊನೆಯ ಗೋಡೆಯವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕೆಂದರೆ ಲೆನ್ಸನ್ನು ಮುಂದಕ್ಕೆ ಬಗ್ಗಿಸುವುದುಂಟು. ಆಸ್ಟ್ರಿಯಾದ ಸೈನ್ಯಾಧಿಕಾರಿ ಥಿಯೋಡರ್ ಶೈಂಪ್‌ಫ್ಲುಗ್ 1904ರಲ್ಲಿ ಪೇಟೆಂಟ್ ಪಡೆದ ಜ್ಯಾಮಿತಿ ಇದು. ಫಿಲ್ಮಿನ ಸಮತಲ, ಲೆನ್ಸಿನ ಸಮತಲ, ಸ್ಪಷ್ಟವಾಗಿ ಕಾಣುವ ಸಮತಲ ಮೂರೂ ಒಂದೇ ಗೆರೆಯಲ್ಲಿ ಸಂಧಿಸಬೇಕು. ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಮೇಲಿದ್ದು ಲೆನ್ಸು 150 ಮಿ.ಮೀ. ಆಗಿದ್ದರೆ ಬೇಕಾದ ಓರೆ 6 ಡಿಗ್ರಿಗಿಂತ ತುಸು ಕಡಿಮೆ. ಹೊಸಬರು ಇಪ್ಪತ್ತು ಡಿಗ್ರಿ ಬಗ್ಗಿಸಿ, ಯಾವುದೂ ಸ್ಪಷ್ಟವಾಗುತ್ತಿಲ್ಲವೆಂದು ಕೈಚೆಲ್ಲುತ್ತಾರೆ.

ಇನ್ನೊಂದು ಎಡವಟ್ಟೂ ಇಲ್ಲೇ ಆಗುತ್ತದೆ. ಓರೆ ಮಾಡಿದಾಗ ನೆಲವೇನೋ ಪೂರ್ತಿ ಸ್ಪಷ್ಟವಾಗುತ್ತದೆ, ಆದರೆ ಹತ್ತಿರದ ಕಂಬದ ತಲೆ ಮಸುಕಾಗುತ್ತದೆ. ಸ್ಪಷ್ಟತೆಯ ವಲಯ ಕ್ಯಾಮೆರಾದ ಹತ್ತಿರ ತೆಳ್ಳಗಿದ್ದು ದೂರ ಹೋದಂತೆ ದಪ್ಪವಾಗುತ್ತದೆ. ಹತ್ತಿರದಲ್ಲೇ ಎತ್ತರದ ಕಂಬವಿದ್ದರೆ ಓರೆಯ ಆಸೆ ಬಿಟ್ಟು, ಎರಡೂ ಚೌಕಟ್ಟುಗಳನ್ನು ನೆಟ್ಟಗಿಟ್ಟು f/32ಕ್ಕೆ ಇಳಿಸುವುದೇ ಸರಿಯಾದ ದಾರಿ.

ಅಷ್ಟು ಸಣ್ಣ ಅಪರ್ಚರಿನಲ್ಲಿ ವಿವರ್ತನೆಯಿಂದ, ಅಂದರೆ ಸಣ್ಣ ರಂಧ್ರ ದಾಟುವಾಗ ಬೆಳಕು ಹರಡುವುದರಿಂದ, ಚಿತ್ರ ಮೃದುವಾಗುವುದಿಲ್ಲವೇ? ಆಗುತ್ತದೆ. f/32ರಲ್ಲಿ ಪ್ರತಿ ಬೆಳಕಿನ ಚುಕ್ಕೆ ಸುಮಾರು 0.04 ಮಿ.ಮೀ. ಅಗಲಕ್ಕೆ ಹರಡುತ್ತದೆ. 4×5 ನೆಗೆಟಿವಿನಿಂದ 16×20 ಇಂಚಿನ ಪ್ರಿಂಟ್ ಮಾಡಲು ನಾಲ್ಕು ಪಟ್ಟು ಹಿಗ್ಗಿಸಿದರೆ ಅದು 0.17 ಮಿ.ಮೀ. ಆಗುತ್ತದೆ, ಕೈಯಳತೆಯಲ್ಲಿ ಹಿಡಿದು ನೋಡಿದರೂ ಕಣ್ಣಿಗೆ ತೊಡಕಿಲ್ಲ. ಅದೇ ಪ್ರಿಂಟನ್ನು 35 ಮಿ.ಮೀ. ಫಿಲ್ಮಿನಿಂದ ಮಾಡಲು ಹದಿನೇಳು ಪಟ್ಟು ಹಿಗ್ಗಿಸಬೇಕು. ಚುಕ್ಕೆ 0.7 ಮಿ.ಮೀ. ದಾಟಿ ಕಲ್ಲಿನ ಕೆತ್ತನೆಯ ಅಂಚೇ ಕರಗಿಹೋಗುತ್ತದೆ. ದೊಡ್ಡ ಫಿಲ್ಮಿನ ಲಾಭ ಏನೆಂದು ಕೇಳುವವರಿಗೆ ಈ ಒಂದು ಲೆಕ್ಕ ಸಾಕು.

ಮಸೀದಿಯ ಒಳಗೆ ಬೆಳಕು ಕಡಿಮೆ. ಬೆಳಕು ಅಳೆಯುವ ಮೀಟರು 30 ಸೆಕೆಂಡ್ ಎಂದರೆ 30 ಸೆಕೆಂಡ್ ಸಾಲದು. ಫಿಲ್ಮಿನಲ್ಲಿರುವ ಸಿಲ್ವರ್ ಬ್ರೋಮೈಡಿನ ಒಂದು ಹರಳು ಡೆವಲಪ್ ಆಗುವ ಸ್ಥಿತಿಗೆ ಬರಬೇಕಾದರೆ ಅದರಲ್ಲಿ ಕೆಲವು ಬೆಳ್ಳಿ ಪರಮಾಣುಗಳು ಒಟ್ಟುಗೂಡಬೇಕು. ಬೆಳಕು ತೀರಾ ನಿಧಾನವಾಗಿ ಬಂದರೆ ಎರಡನೆಯ ಪರಮಾಣು ಹುಟ್ಟುವಷ್ಟರಲ್ಲಿ ಮೊದಲನೆಯದು ಚದುರಿಹೋಗಿರುತ್ತದೆ. ಇಲ್ಫರ್ಡ್ ಕಂಪನಿ ತನ್ನ ಎಫ್‌ಪಿ4 ಪ್ಲಸ್ ಫಿಲ್ಮಿಗೆ ಕೊಡುವ ಸೂತ್ರದಲ್ಲಿ ಅಳೆದ ಸಮಯವನ್ನು 1.26ರ ಘಾತಕ್ಕೆ ಏರಿಸಬೇಕು. 10 ಸೆಕೆಂಡ್ 18 ಆಗುತ್ತದೆ, 30 ಸೆಕೆಂಡ್ 73 ಆಗುತ್ತದೆ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಅಹಮದ್ ಶಾಹ ವಲಿಯ ಗುಂಬಜಿನ ಒಳಗಿನ ಬಣ್ಣದ ಚಿತ್ತಾರಕ್ಕೂ ಇದೇ ಲೆಕ್ಕ. ಅಲ್ಲಿ ಫ್ಲಾಶಿನ ಮಾತೇ ಬೇಡ.

ಬಿದ್ರಿ ಪಾತ್ರೆಯ ಚಿತ್ರ ತೆಗೆಯುವುದು ಕಟ್ಟಡಕ್ಕಿಂತ ಕಷ್ಟ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಲೋಹವನ್ನು ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಾಗಿಸಿರುತ್ತಾರೆ. ಅದರಲ್ಲಿ ಕೂರಿಸಿದ ಬೆಳ್ಳಿ ಕನ್ನಡಿ ಇದ್ದಂತೆ, ಎದುರಿಗಿರುವುದನ್ನೇ ತೋರಿಸುತ್ತದೆ. ಎದುರು ಕತ್ತಲಿದ್ದರೆ ಬೆಳ್ಳಿಯೂ ಕಪ್ಪು. ಲೋಹದ ಹೊಳಪನ್ನು ಪೋಲರೈಸರ್ ಫಿಲ್ಟರೊಂದೇ ತಡೆಯಲಾರದು. ಪಾತ್ರೆಯ ಸುತ್ತ ಬಿಳಿ ಮಲ್ ಬಟ್ಟೆ ಕಟ್ಟಿ ಅದರ ಹೊರಗಿನಿಂದ ಬೆಳಕು ಬಿಡಬೇಕು, ಲೆನ್ಸಿಗೆ ಮಾತ್ರ ಒಂದು ಸೀಳು. 25 ಸೆಂ.ಮೀ. ಎತ್ತರದ ಸುರಾಹಿಯನ್ನು ಫಿಲ್ಮಿನ ಮೇಲೆ 10 ಸೆಂ.ಮೀ.ಗೆ ತರಲು 150 ಮಿ.ಮೀ. ಲೆನ್ಸನ್ನು 210 ಮಿ.ಮೀ. ವರೆಗೆ ಹೊರಗೆಳೆಯಬೇಕು. 210ನ್ನು 150ರಿಂದ ಭಾಗಿಸಿ ವರ್ಗ ಮಾಡಿದರೆ 1.96. ಅಂದರೆ ಎಕ್ಸ್‌ಪೋಷರ್ ಎರಡು ಪಟ್ಟು, ಛಾಯಾಗ್ರಾಹಕರ ಮಾತಿನಲ್ಲಿ ಒಂದು ಸ್ಟಾಪ್ ಹೆಚ್ಚು. ಇದನ್ನು ಮರೆತರೆ ಕಪ್ಪು ಭಾಗದ ವಿವರ ನೆಗೆಟಿವಿನಲ್ಲಿ ಇರುವುದೇ ಇಲ್ಲ.

ಇನ್ನು ಸಲಕರಣೆಯ ಆರೈಕೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಕ್ಯಾಮೆರಾ ಬಿಟ್ಟರೆ ಚರ್ಮದ ಬೆಲ್ಲೋಸ್ ಒಣಗಿ ಮಡಿಕೆಯ ಮೂಲೆಗಳಲ್ಲಿ ಬಿರಿಯುತ್ತದೆ. ಹಳೆಯ ಲೆನ್ಸುಗಳ ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಟ್ಟುಕೊಂಡು ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಾಣತೊಡಗುತ್ತದೆ. ಬೆಲ್ಲೋಸ್ ಪರೀಕ್ಷೆ ಸುಲಭ. ರಾತ್ರಿ ದೀಪ ಆರಿಸಿ, ಅದನ್ನು ಪೂರ್ತಿ ಎಳೆದು, ಒಳಗೆ ಸಣ್ಣ ಟಾರ್ಚ್ ಹಾಯಿಸುತ್ತಾ ಮೂಲೆ ಮೂಲೆಯನ್ನೂ ಹೊರಗಿನಿಂದ ನೋಡಬೇಕು. ಸೂಜಿಮೊನೆಯಷ್ಟು ರಂಧ್ರವಿದ್ದರೆ ಬಟ್ಟೆಗೆ ಹಚ್ಚುವ ಕಪ್ಪು ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿದರೆ ಸಾಕು. ದಪ್ಪಗೆ ಹಚ್ಚಿದರೆ ಮಡಿಕೆ ಮುಚ್ಚುವುದಿಲ್ಲ. ಬಣ್ಣ ಪೂರ್ತಿ ಒಣಗುವ ಮುನ್ನ ಮಡಚಿದರೆ ಮಡಿಕೆಗಳು ಅಂಟಿಕೊಳ್ಳುತ್ತವೆ.

ನೆಗೆಟಿವಿನಲ್ಲಿ ಕಪ್ಪು ಮಂಜು ಕಂಡಾಗ ಎಲ್ಲ ಹಾಳೆಗಳಲ್ಲೂ ಒಂದೇ ಜಾಗದಲ್ಲಿದ್ದರೆ ತಪ್ಪು ಕ್ಯಾಮೆರಾದ್ದು. ಕೆಲವೇ ಹಾಳೆಗಳಲ್ಲಿದ್ದರೆ ಫಿಲ್ಮು ಹಾಳೆಯನ್ನು ಕೂರಿಸುವ ಹೋಲ್ಡರಿನದು. ಯಾವ ಹೋಲ್ಡರೆಂದು ತಿಳಿಯಲು ಒಂದೊಂದರ ಅಂಚಿನ ಪಟ್ಟಿಯಲ್ಲೂ ಅರದಿಂದ ಬೇರೆ ಬೇರೆ ಸಂಖ್ಯೆಯ ಕಚ್ಚು ಹಾಕಿಡಬೇಕು, ಆ ಗುರುತು ಪ್ರತಿ ನೆಗೆಟಿವಿನ ಅಂಚಿನಲ್ಲೂ ಮೂಡುತ್ತದೆ. ನಡುಹಗಲಿನಲ್ಲಿ ಡಾರ್ಕ್ ಸ್ಲೈಡ್ (ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚುವ ಜಾರುಪಟ್ಟಿ) ಎಳೆಯುವಾಗ ಹೋಲ್ಡರಿನ ಮೇಲೆ ಕಪ್ಪು ಬಟ್ಟೆ ಇರಲಿ.

ದೂಳಿನ ವಿಷಯದಲ್ಲಿ ಕಲಬುರಗಿ ಉದಾರ ಊರು. ಎರೆಮಣ್ಣು, ಫರ್ಸಿ ಕಲ್ಲಿನ ಪುಡಿ, ದಾಲ್ ಮಿಲ್ಲುಗಳ ಹೊಟ್ಟು ಎಲ್ಲ ಗಾಳಿಯಲ್ಲೇ ಇರುತ್ತವೆ. ಫಿಲ್ಮಿನ ಮೇಲೆ ದೂಳು ಕೂತಿದ್ದಾಗ ಕ್ಲಿಕ್ಕಿಸಿದರೆ ಪ್ರಿಂಟಿನಲ್ಲಿ ಕಪ್ಪು ಚುಕ್ಕೆ ಬರುತ್ತದೆ. ಪ್ರಿಂಟ್ ಮಾಡುವಾಗ ನೆಗೆಟಿವಿನ ಮೇಲೆ ಕೂತ ದೂಳು ಬಿಳಿ ಚುಕ್ಕೆ ಕೊಡುತ್ತದೆ. ಬಿಳಿಯದನ್ನು ಕುಂಚದಿಂದ ತುಂಬಬಹುದು, ಕಪ್ಪನ್ನು ಅಳಿಸುವುದು ಬಲು ಕಷ್ಟ. ಆದ್ದರಿಂದ ಹೋಲ್ಡರಿಗೆ ಫಿಲ್ಮು ತುಂಬುವ ಮುಂಚೆ, ಕತ್ತಲು ಮಾಡಿಕೊಂಡ ಬಚ್ಚಲುಮನೆಯ ನೆಲ, ಗೋಡೆಗೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ, ಅರ್ಧ ಗಂಟೆ ಬಿಡಬೇಕು. ತೇವವಿದ್ದರೆ ದೂಳು ಕೆಳಗಿಳಿಯುತ್ತದೆ, ಫಿಲ್ಮಿನ ಮೇಲೆ ಸ್ಥಿರ ವಿದ್ಯುತ್ತೂ ಹುಟ್ಟುವುದಿಲ್ಲ. ಕತ್ತಲಲ್ಲಿ ಹಾಳೆಯನ್ನು ಉದ್ದುದ್ದ ಹಿಡಿದಾಗ ಅಂಚಿನ ಕಚ್ಚು ಬಲಗಡೆ ಮೇಲ್ಮೂಲೆಯಲ್ಲಿ ಬೆರಳಿಗೆ ಸಿಕ್ಕರೆ ಎಮಲ್ಷನ್, ಅಂದರೆ ಬೆಳಕನ್ನು ಹಿಡಿಯುವ ಲೇಪ, ನಿಮ್ಮ ಕಡೆಗಿದೆ ಎಂದರ್ಥ. ಡಾರ್ಕ್ ಸ್ಲೈಡಿನ ಬಿಳಿ ಅಂಚು ಹೊರಗಿದ್ದರೆ ಇನ್ನೂ ತೆಗೆಯದ ಫಿಲ್ಮು, ಕಪ್ಪು ಅಂಚಿದ್ದರೆ ತೆಗೆದಾದದ್ದು. ಫ್ರಿಜ್ಜಿನಿಂದ ತೆಗೆದ ಫಿಲ್ಮಿನ ಪೆಟ್ಟಿಗೆಯನ್ನು ಎರಡು-ಮೂರು ಗಂಟೆ ಮುಚ್ಚಿಯೇ ಇಡಿ, ಇಲ್ಲದಿದ್ದರೆ ಹಾಳೆಗಳ ಮೇಲೆ ನೀರು ಬೆವರುತ್ತದೆ.

ಬೇಸಿಗೆಯಲ್ಲಿ ಡೆವಲಪ್ ಮಾಡುವುದೇ ದೊಡ್ಡ ಸವಾಲು. ತಾರಸಿಯ ಟಾಕಿಯ ನೀರು ಮಧ್ಯಾಹ್ನ ಕೈ ಸುಡುವಂತಿರುತ್ತದೆ. ಪುಸ್ತಕಗಳು ಹೇಳುವ 20 ಡಿಗ್ರಿಯ ಬೆನ್ನು ಹತ್ತುವುದು ಬೇಡ, 24 ಡಿಗ್ರಿಗೆ ನೆಲೆ ನಿಲ್ಲಿಸಿ. ಐಡಿ-11 ಡೆವಲಪರನ್ನು ಸಮಪಾಲು ನೀರು ಬೆರೆಸಿ ಬಳಸಿದಾಗ ಎಫ್‌ಪಿ4ಗೆ 20 ಡಿಗ್ರಿಯಲ್ಲಿ 11 ನಿಮಿಷ, 24ರಲ್ಲಿ ಸುಮಾರು 8 ನಿಮಿಷ. 5 ನಿಮಿಷಕ್ಕಿಂತ ಕಡಿಮೆಯಾಗುವಷ್ಟು ಬಿಸಿ ಇದ್ದರೆ ಆಕಾಶದಲ್ಲಿ ಪಟ್ಟೆಗಳು ಬರುತ್ತವೆ. ರಾತ್ರಿಯಿಡೀ ಮಣ್ಣಿನ ರಂಜಣಗಿಯಲ್ಲಿಟ್ಟ ನೀರು ಬೆಳಗಿನ ಜಾವಕ್ಕೆ ಬೇಕಾದ ತಂಪಿನ ಹತ್ತಿರ ಬಂದಿರುತ್ತದೆ. ಇನ್ನೂ ಇಳಿಸಬೇಕಾದರೆ ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮುಳುಗಿಸಿ, ನೇರವಾಗಿ ಹಾಕಿದರೆ ಡೆವಲಪರ್ ತೆಳುವಾಗುತ್ತದೆ. ಮುಖ್ಯವಾದದ್ದು ಇಷ್ಟು: ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್ ದ್ರಾವಣ, ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್, ತೊಳೆಯುವ ನೀರು ಎಲ್ಲವೂ ಒಂದೆರಡು ಡಿಗ್ರಿಯ ಅಂತರದಲ್ಲೇ ಇರಲಿ. 24ರಲ್ಲಿ ಡೆವಲಪ್ ಮಾಡಿ 36 ಡಿಗ್ರಿಯ ನೀರಿಗೆ ಹಾಕಿದರೆ ಉಬ್ಬಿದ ಜಿಲೆಟಿನ್ ಸುಕ್ಕುಗಟ್ಟಿ, ಒಣಗಿದ ಕೆರೆಯ ತಳದಂತೆ ಬಿರುಕಿನ ಜಾಲ ಮೂಡುತ್ತದೆ. ಅದು ಮತ್ತೆ ಸರಿಹೋಗದು.

ತೊಳೆಯಲು ನಲ್ಲಿ ಬಿಟ್ಟು ಕೂರಬೇಕಿಲ್ಲ. ಟ್ಯಾಂಕಿಗೆ ನೀರು ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೊಮ್ಮೆ 20 ಸಲ. ಗಡಸುಗೊಳಿಸುವ ರಾಸಾಯನಿಕವಿಲ್ಲದ ಫಿಕ್ಸರಿಗೆ ಇಲ್ಫರ್ಡ್ ಹೇಳುವ ಈ ಕ್ರಮ ಸಾಕು. ಬೋರ್‌ವೆಲ್ಲಿನ ಗಡಸು ನೀರು ಒಣಗಿದಾಗ ಸುಣ್ಣದ ಕಲೆ ಬಿಡುವುದರಿಂದ ಕೊನೆಯ ಅದ್ದು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿನಲ್ಲಿರಲಿ. ಬಳಸಿದ ಫಿಕ್ಸರಿನಲ್ಲಿ ಕರಗಿದ ಬೆಳ್ಳಿಯಿರುತ್ತದೆ, ಮೋರಿಗೆ ಚೆಲ್ಲಬಾರದು. ಕ್ಯಾನಿನಲ್ಲಿ ಕೂಡಿಟ್ಟು ಉಕ್ಕಿನ ನಾರು ಹಾಕಿದರೆ ಕಬ್ಬಿಣ ಕರಗಿ ಬೆಳ್ಳಿ ತಳಕ್ಕೆ ಕೂರುತ್ತದೆ.

ಇಷ್ಟೆಲ್ಲ ಶ್ರಮಪಟ್ಟ ನೆಗೆಟಿವಿನ ಬೆಲೆ ಚಂದದ ಪ್ರಿಂಟಿಗೆ ಮುಗಿಯುವುದಿಲ್ಲ. ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ಲಾಲಾ ದೀನ್ ದಯಾಳರ ಗಾಜಿನ ನೆಗೆಟಿವುಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ಸಾವಿರಾರು ಉಳಿದಿವೆ. ಇಂಥ ಹಳೆಯ ಚಿತ್ರಗಳಿಂದ ಕಟ್ಟಡವೊಂದರ ಅಂದಿನ ಸ್ಥಿತಿಯನ್ನು ಇಂದಿಗೂ ಓದಬಹುದು. ಸಿಡಿಲು ಬಡಿದು ಸೀಳಿದ ಅಷ್ಟೂರಿನ ಹುಮಾಯೂನ್ ಶಾಹನ ಗುಂಬಜ್ ಈಗ ಗೋಡೆಯ ಒಳಕಟ್ಟನ್ನೇ ತೆರೆದು ತೋರಿಸುತ್ತಿದೆ. ಮದರಸಾದ ಮುಂಗೋಡೆಯಲ್ಲಿ ಉಳಿದಿರುವ ಬಣ್ಣದ ಬಿಲ್ಲೆಗಳು ಕೆಲವೇ. ಅವನ್ನು ತೆಗೆಯುವಾಗ ಫಿಲ್ಮು ಗೋಡೆಗೆ ಸಮಾನಾಂತರವಾಗಿದ್ದು, ಮೂಲೆಯಲ್ಲಿ ಒಂದು ಅಳತೆಪಟ್ಟಿ ಇದ್ದರೆ, ಯಾವ ಬಿಲ್ಲೆ ಉದುರಿತು, ಯಾವ ಬಿರುಕು ಎಷ್ಟು ಬೆಳೆಯಿತು ಎಂದು ಮುಂದೆ ಅಳೆದು ಹೇಳಬಹುದು. ಅದಕ್ಕೆ ನೆಗೆಟಿವಿನ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಬೇಕಾದವು: ದಿನಾಂಕ, ಗಂಟೆ, ಗೋಡೆಯಿಂದ ದೂರ, ಕ್ಯಾಮೆರಾದ ಎತ್ತರ, ಲೆನ್ಸು, ಏರಿಸಿದ ಮಿಲಿಮೀಟರು, ಅಪರ್ಚರ್, ಸೆಕೆಂಡ್. ಲಕೋಟೆ ಆಮ್ಲರಹಿತ ಕಾಗದದ್ದಿರಲಿ, ಪಿವಿಸಿ ಬೇಡ, ಅದು ಬಿಸಿಗೆ ನೆಗೆಟಿವಿಗೆ ಅಂಟಿಕೊಳ್ಳುತ್ತದೆ.